ಹೊಸ ಊರಿನಲ್ಲಿ ಲಾರಿ ಚಾಲಕರ ಕೆಲಸ



ಮದುವೆ, ಮಕ್ಕಳ ಓದು, ವಯಸ್ಸಾದ ತಂದೆತಾಯಿ – ಇಂಥ ಯಾವುದೋ ಕಾರಣಕ್ಕೆ ಲಾರಿ ಚಾಲಕರೊಬ್ಬರು ಹಾಸನಕ್ಕೆ ಬಂದು ನೆಲೆಸುತ್ತಾರೆ ಎಂದುಕೊಳ್ಳಿ. ವರ್ಷಗಟ್ಟಲೆ ಮುಂಬಯಿ, ಚೆನ್ನೈ ಎಂದು ಓಡಿದವರು. ಇನ್ನಾದರೂ ರಾತ್ರಿ ಮನೆಯಲ್ಲಿ ಮಲಗುವಂಥ ಕೆಲಸ ಸಿಗಲಿ ಎಂಬುದು ಅವರ ಆಸೆ. ಗಾಡಿ ಓಡಿಸುವುದು ಗೊತ್ತು. ಆದರೆ ಊರಿನಲ್ಲಿ ಅವರನ್ನು ಬಲ್ಲವರಿಲ್ಲ. ಆ ಚಾಲಕರು ನೀವೇ ಆಗಿದ್ದರೆ ಈ ಕೆಲವು ಮಾತುಗಳು ನಿಮಗಾಗಿ.

ಮೊದಲು ತಿಳಿಯಬೇಕಾದದ್ದು, ಯಾವ ಸರಕು ಯಾವಾಗ ಓಡುತ್ತದೆ ಎಂಬುದು. ಮುಂಗಾರಿನಲ್ಲಿ ನೆಟ್ಟ ಆಲೂಗಡ್ಡೆ ಆಗಸ್ಟ್–ಸೆಪ್ಟೆಂಬರಿನಲ್ಲಿ ಹಾಸನದ ಮಾರುಕಟ್ಟೆಗೆ ಬರುತ್ತದೆ. ಅರಕಲಗೂಡು ಕಡೆ ಶುಂಠಿ ಮತ್ತು ಹೊಗೆಸೊಪ್ಪು. ತಂಬಾಕು ಮಂಡಳಿಯ ಹರಾಜು ಕಟ್ಟೆ ರಾಮನಾಥಪುರದಲ್ಲಿದೆ. ಹೊಳೆನರಸೀಪುರದಲ್ಲಿ ಭತ್ತ, ಚನ್ನರಾಯಪಟ್ಟಣದಲ್ಲಿ ತೆಂಗು. ಡಿಸೆಂಬರಿನಿಂದ ಸಕಲೇಶಪುರದ ಕಾಫಿ. ಸುಗ್ಗಿಯಲ್ಲಿ ಚಾಲಕರಿಗೆ ಬೇಡಿಕೆ. ಸುಗ್ಗಿ ಮುಗಿದರೆ ಕೈ ಖಾಲಿ. ವರ್ಷವಿಡೀ ಓಡುವ ಹಾಲು, ಗೊಬ್ಬರ, ಸಿಮೆಂಟ್, ಪಡಿತರ ಧಾನ್ಯದ ಗಾಡಿಗಳನ್ನೂ ವಿಚಾರಿಸಿ. ಪೆಟ್ರೋಲ್, ಗ್ಯಾಸ್ ಟ್ಯಾಂಕರ್ ಓಡಿಸುವುದಾದರೆ ಅಪಾಯಕಾರಿ ಸರಕಿನ ತರಬೇತಿ ಪಡೆದು, ಅದನ್ನು ಲೈಸೆನ್ಸಿನಲ್ಲಿ ನಮೂದಿಸಿಕೊಳ್ಳಬೇಕು.

ಹಳೆಯ ಊರಿನ ಲೈಸೆನ್ಸ್ ಇಡೀ ದೇಶದಲ್ಲಿ ನಡೆಯುತ್ತದೆ. ಆದರೂ ಸಾರಿಗೆ ಕಚೇರಿಯಲ್ಲಿ ವಿಳಾಸ ಬದಲಾಯಿಸಿಕೊಳ್ಳಿ; ಹೊಸಬರ ವಿಳಾಸ ಇಲ್ಲಿಯದೇ ಆಗಿದ್ದರೆ ಮಾಲೀಕರಿಗೆ ಧೈರ್ಯ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಮೀರದ ಸರಕು ಗಾಡಿ ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿದೆ. ಅದಕ್ಕಿಂತ ದೊಡ್ಡ ಗಾಡಿಗೆ ಭಾರಿ ವಾಹನದ ಲೈಸೆನ್ಸೇ ಬೇಕು. ಅದಿಲ್ಲದೆ ಅಪಘಾತವಾದರೆ ಪರಿಹಾರದ ಹೊರೆ ಮಾಲೀಕರ ತಲೆಯ ಮೇಲೆ ಬರಬಹುದು.

ಕೆಲಸ ಕೇಳಲು ಲಾರಿ ನಿಲ್ದಾಣ, ಮಂಡಿ, ಟ್ರಾನ್ಸ್‌ಪೋರ್ಟ್ ಆಫೀಸು, ಟೈರ್ ಅಂಗಡಿ ಎಲ್ಲಕ್ಕೂ ಹೋಗಿ. ಮೊದಲಿಗೆ ಬದಲಿ ಚಾಲಕರಾಗಿ ನಾಲ್ಕು ಟ್ರಿಪ್ ಸಿಕ್ಕರೂ ಒಪ್ಪಿಕೊಳ್ಳಿ. ಹೇಳಿದ ಹೊತ್ತಿಗೆ ಬರುವವರು, ಸರಕು ಕೆಡಿಸದವರು ಎಂಬ ಮಾತು ಹಮಾಲರ ಬಾಯಿಂದಲೇ ಮಾಲೀಕರಿಗೆ ಮುಟ್ಟುತ್ತದೆ.

ಒಪ್ಪುವ ಮೊದಲು ಮಾತ್ರ ಸಂಕೋಚ ಬೇಡ. ಸಂಬಳ ತಿಂಗಳಿಗೋ ಟ್ರಿಪ್ಪಿಗೋ? ಬಾಟಾ ಎಷ್ಟು? ಲೋಡಿಗೆ ಕಾಯುವ ದಿನದ ಕೂಲಿ ಯಾರದು? ‘ಲೋಕಲ್’ ಎಂದರೆ ಎಲ್ಲಿಯವರೆಗೆ? ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಕ್ಕೆ ಹೋಗಿ ಸಂಜೆಗೆ ಮರಳಬಹುದು. ಶಿರಾಡಿ ಘಾಟಿ ಇಳಿದರೆ ಆ ಭರವಸೆ ಇಲ್ಲ. 2018ರಲ್ಲಿ, 2024ರಲ್ಲಿ ಮಣ್ಣು ಕುಸಿದು ಆ ರಸ್ತೆಯೇ ಮುಚ್ಚಿತ್ತು.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಚಾಲಕರ ದುಡಿಮೆಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿತ್ತು. ಒಂದೇ ಗಾಡಿಯ ಮಾಲೀಕರಿಗೆ ಆ ಕಾಯಿದೆ ಅನ್ವಯಿಸದೇ ಹೋದರೂ ನಿದ್ದೆಯ ನಿಯಮ ಎಲ್ಲ ಚಾಲಕರಿಗೂ ಒಂದೇ. ಮನೆಯವರಿಗಾಗಿ ಊರು ಬದಲಿಸಿದವರು ನೀವು. ಆ ಮನೆಗೆ ಕ್ಷೇಮವಾಗಿ ಮರಳಿಸುವ ಕೆಲಸವನ್ನೇ ಆರಿಸಿಕೊಳ್ಳಿ.