ಹಿತ್ತಲ ಹೇರಳೆ



ನಾನು ಚಾಮರಾಜಪೇಟೆಯವಳು. ಬಸವನಗುಡಿಯ ಒಂದು ಮನೆಯಲ್ಲಿ ಅಡುಗೆ ಕೆಲಸ ಮಾಡುತ್ತೇನೆ. ನನಗೆ ಭಾಷಣ ಬರುವುದಿಲ್ಲ. ಬರುವ ಕೆಲಸ ಹೇಳ್ತೀನಿ, ಕೇಳಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲಿ ಮನೆಗಳು ಒತ್ತೊತ್ತಾಗಿದ್ದವು. ಆಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಮನೆಯ ಸುತ್ತ ಜಾಗ ಬಿಟ್ಟರು. ಹಿತ್ತಲಲ್ಲಿ ತೆಂಗು, ನಿಂಬೆ, ಹೇರಳೆ ಬೆಳೆಸಿದರು. ಈಗ ಅಂಥ ಹಿತ್ತಲು ಕಡಿಮೆ. ನಾನು ಕೆಲಸ ಮಾಡುವ ಮನೆಯಲ್ಲಿ ಒಂದು ಹೇರಳೆ ಮರ ಉಳಿದಿದೆ.

ಹೇರಳೆಕಾಯಿ ಚಿತ್ರಾನ್ನಕ್ಕೆ ಆಗುತ್ತೆ. ಗೊಜ್ಜಿಗೆ, ಉಪ್ಪಿನಕಾಯಿಗೆ ಆಗುತ್ತೆ. ಆದರೂ ಎಷ್ಟು ಅಂತ ಮಾಡೋದು? ಹಣ್ಣು ಉದುರಿ ಕೊಳೆಯುತ್ತಿತ್ತು.

ಒಂದು ದಿನ ಅಮ್ಮಾವರು, "ಮಾರ್ಮಲೇಡ್ ಮಾಡು" ಅಂದರು.

"ಅದೇನಮ್ಮಾ?" ಅಂದೆ.

"ಸಿಪ್ಪೆ ಹಾಕಿ ಮಾಡುವ ಜಾಮು" ಅಂದರು. ಕಾಗದದಲ್ಲಿ ಬರೆದುಕೊಟ್ಟು ಊರಿಗೆ ಹೋದರು.

ನನಗೆ ಓದು ಬರುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ. ಅಂದಾಜಿನಲ್ಲಿ ಮಾಡಿದೆ. ಸಕ್ಕರೆ ಕಮ್ಮಿ ಹಾಕಿದೆ. ಬಾಟಲಿ ಒದ್ದೆ ಇತ್ತು. ಹತ್ತು ದಿನದಲ್ಲಿ ಆರು ಬಾಟಲಿಗೂ ಬೂಷ್ಟು ಬಂತು. ಎಲ್ಲಾ ಚೆಲ್ಲಿದೆ. ಅಮ್ಮಾವರು ಬೈಯಲಿಲ್ಲ. "ಬರೆದುಕೊಟ್ಟಿದ್ದೆನಲ್ಲಾ" ಅಂದರು, ಅಷ್ಟೇ. ಆ ಮಾತು ಮನಸ್ಸಿಗೆ ಚುಚ್ಚಿತು. ಮುಂದಿನ ವಾರವೇ ಕಲಿಕಾ ಕೇಂದ್ರಕ್ಕೆ ಬಂದೆ.

ಈಗ ಆ ಕಾಗದವನ್ನು ನಾನೇ ಓದುತ್ತೇನೆ. ನೀವೂ ಓದಿ.

1. ಅರ್ಧ ಕಿಲೋ ಹೇರಳೆ ಹಣ್ಣು ತೊಳೆಯಿರಿ. ರಸ ಹಿಂಡಿ. ಬೀಜ ಎಸೆಯಬೇಡಿ. ಸಿಪ್ಪೆ ಸಣ್ಣಗೆ ಹೆಚ್ಚಿ.

2. ಸಿಪ್ಪೆ ಕಹಿ ಇರುತ್ತದೆ. ನೀರಿನಲ್ಲಿ 10 ನಿಮಿಷ ಕುದಿಸಿ, ಆ ನೀರು ಚೆಲ್ಲಿ.

3. ಬೀಜವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ. ಸಿಪ್ಪೆ, ರಸ, ಗಂಟು, 1 ಲೀಟರ್ ನೀರು ಸೇರಿಸಿ. ಸ್ಟೀಲ್ ಪಾತ್ರೆಯಲ್ಲಿ ರಾತ್ರಿ ನೆನೆಸಿ.

4. ಬೆಳಿಗ್ಗೆ ಸಣ್ಣ ಉರಿಯಲ್ಲಿ ಸುಮಾರು 1 ಗಂಟೆ ಬೇಯಿಸಿ. ಸಿಪ್ಪೆ ಮೆತ್ತಗಾಗುವ ಮೊದಲು ಸಕ್ಕರೆ ಹಾಕಬೇಡಿ. ಹಾಕಿದರೆ ಸಿಪ್ಪೆ ಗಟ್ಟಿಯಾಗಿಯೇ ಉಳಿಯುತ್ತದೆ.

5. ಗಂಟನ್ನು ಹಿಂಡಿ ತೆಗೆಯಿರಿ. ಬೆಂದದ್ದನ್ನು ಲೋಟದಲ್ಲಿ ಅಳೆಯಿರಿ. 1 ಲೋಟಕ್ಕೆ 1 ಲೋಟ ಸಕ್ಕರೆ. ಸಕ್ಕರೆ ಕರಗಿದ ಮೇಲೆ ಜೋರಾಗಿ ಕುದಿಸಿ. ಮೈಮೇಲೆ ಸಿಡಿದೀತು, ಜೋಪಾನ.

6. ತಣ್ಣನೆಯ ತಟ್ಟೆಗೆ ಒಂದು ತೊಟ್ಟು ಹಾಕಿ. ಆರಿದ ಮೇಲೆ ಬೆರಳಿನಿಂದ ತಳ್ಳಿ. ಸುಕ್ಕುಗಟ್ಟಿದರೆ ಹದ ಬಂತು.

7. ಗಾಜಿನ ಬಾಟಲಿ, ಮುಚ್ಚಳ ಎರಡನ್ನೂ 10 ನಿಮಿಷ ನೀರಿನಲ್ಲಿ ಕುದಿಸಿ, ಪೂರಾ ಒಣಗಿಸಿ. ಬಿಸಿ ಇರುವಾಗಲೇ ತುಂಬಿ ಮುಚ್ಚಿ.

ಇದು ಗಟ್ಟಿಯಾಗುವುದು ಹೇಗೆ? ಸಿಪ್ಪೆಯಲ್ಲೂ ಬೀಜದಲ್ಲೂ ಪೆಕ್ಟಿನ್ ಎಂಬ ಅಂಟು ಇದೆ. ಅಂಟು, ಹುಳಿ, ಸಕ್ಕರೆ ಮೂರೂ ಸೇರಿದರೆ ಗಟ್ಟಿ. ಕೆಡದಂತೆ ಕಾಯುವುದೂ ಸಕ್ಕರೆಯೇ. ಹಾಗಂತ ಹೆಚ್ಚು ತಿನ್ನಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬೇಡ. ಬೂಷ್ಟು ಬಂದರೆ ಮೇಲಿನದನ್ನು ಮಾತ್ರ ತೆಗೆದು ತಿನ್ನಬಾರದು. ಇಡೀ ಬಾಟಲಿಯದನ್ನು ಚೆಲ್ಲಿ.

ಮಾರುವ ಆಸೆಯೇ? ಮೊದಲು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ. ಆ ಅರ್ಜಿಯನ್ನು ಓದಿ ಸಹಿ ಹಾಕಿ. ಓದದೆ ಹೆಬ್ಬೆಟ್ಟು ಒತ್ತಬೇಡಿ.

ಕೊನೆಗೆ ಒಂದು ಮಾತು. ಎರಡನೇ ಸಲ ಮಾಡಿದಾಗ ಬಾಟಲಿಗೆ ಚೀಟಿ ಅಂಟಿಸಿದೆ. 'ಮಾರ್ಮಲೇಡ್' ಬರೆಯಲು ಹೋದೆ. ರಕಾರದ ಒತ್ತು ಎಲ್ಲಿ ಅಂತ ತಿಳಿಯಲಿಲ್ಲ. 'ಹೇರಳೆ ಸಿಹಿ' ಎಂದು ಬರೆದೆ. ಕೆಳಗೆ ತಾರೀಖು ಹಾಕಿದೆ. ಅಮ್ಮಾವರು ಅದನ್ನು ಎರಡು ಸಲ ಓದಿದರು. ಒಂದು ಬಾಟಲಿ ನನ್ನ ಕೈಗೇ ಕೊಟ್ಟರು.

ಆ ಬಾಟಲಿ ಖಾಲಿಯಾಗಿದೆ. ಚೀಟಿ ಇನ್ನೂ ಕೀಳಿಲ್ಲ.