ಸ್ಪೀಕರಿನ ತಂತಿ: ಕಿವಿಗೂ ಕಿಸೆಗೂ ಒಪ್ಪುವ ಆಯ್ಕೆ



ನಾನು ವಿಜ್ಞಾನ ಪದವಿಗೆ ಓದುತ್ತಿದ್ದ ಕಾಲದಲ್ಲಿ ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ಒಂದು ಹಳೆಯ ಸ್ಟೀರಿಯೋ ಇತ್ತು. ರಾತ್ರಿ ಊಟವಾದ ಮೇಲೆ ತಂದೆಯವರು ತಾಳಮದ್ದಳೆಯ ಕ್ಯಾಸೆಟ್ ಹಾಕಿಕೊಂಡು ಕುಳಿತುಕೊಳ್ಳುತ್ತಿದ್ದರು. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಎಡಗಡೆಯ ಸ್ಪೀಕರಿನ ದನಿ ಕ್ಷೀಣಿಸತೊಡಗಿತು. ಚೆಂಡೆಯ ಪೆಟ್ಟು ಬಿದ್ದಾಗ ಒಮ್ಮೆ ಕರಕರ ಎನ್ನುತ್ತಿತ್ತು, ಮತ್ತೊಮ್ಮೆ ಪೂರ್ತಿ ಸುಮ್ಮನಾಗುತ್ತಿತ್ತು. ವಿಚಾರಿಸಿದಾಗ ಅಂಗಡಿಯವರೊಬ್ಬರು, "ಸ್ಪೀಕರ್ ಹೋಗಿದೆ ಮಾರಾಯ್ರೆ, ಜೋಡಿಯನ್ನೇ ಬದಲಾಯಿಸಬೇಕು" ಎಂದರು. ಆ ವರ್ಷ ನನ್ನ ಕಾಲೇಜಿನ ಶುಲ್ಕ ಕಟ್ಟಿ ತಂದೆಯವರ ಕೈ ಬರಿದಾಗಿತ್ತು. "ಇರಲಿ ಬಿಡು, ಒಂದರಲ್ಲೇ ಕೇಳಿದರಾಯಿತು" ಎಂದು ಅವರು ಸುಮ್ಮನಾದರು.

ಒಂದು ಭಾನುವಾರ ಕುತೂಹಲದಿಂದ ನಾನು ಆ ಸ್ಪೀಕರಿನ ಹಿಂಬದಿಯ ತಂತಿಯನ್ನು ಕಳಚಿ ನೋಡಿದೆ. ತಾಮ್ರದ ಎಳೆಗಳೆಲ್ಲ ಹಸಿರುಗಟ್ಟಿದ್ದವು. ತುದಿಯಿಂದ ನಾಲ್ಕು ಬೆರಳಿನಷ್ಟು ತಂತಿಯನ್ನು ಕತ್ತರಿಸಿ ತೆಗೆದು, ಹೊಳೆಯುವ ಹೊಸ ತಾಮ್ರ ಕಾಣುವಂತೆ ಹೊದಿಕೆ ಸುಲಿದು ಮತ್ತೆ ಜೋಡಿಸಿದೆ. ದನಿ ಮೊದಲಿನಂತೆಯೇ ಬಂತು. ಖರ್ಚಾದದ್ದು ಒಂದು ಬ್ಲೇಡು ಮಾತ್ರ! ಕಡಲಿನ ಉಪ್ಪು ಗಾಳಿ ಮತ್ತು ತೇವ ಸೇರಿ ತಾಮ್ರವನ್ನು ಹಸಿರು ಲವಣಗಳನ್ನಾಗಿ ಮಾರ್ಪಡಿಸುತ್ತವೆ. ತಾಮ್ರ ಉತ್ತಮ ವಾಹಕ; ಈ ಲವಣಗಳು ಹಾಗಲ್ಲ. ಕೆಟ್ಟದ್ದು ಸ್ಪೀಕರ್ ಅಲ್ಲ, ಜೋಡಣೆ.

ಅಂದಿನಿಂದ ನನಗೆ ಈ ಬಡ ತಂತಿಯ ಬಗ್ಗೆ ಗೌರವ. ಇಂದು ನಿಮ್ಮಲ್ಲಿ ಅನೇಕರು ಹಳೆಯ ಆಂಪ್ಲಿಫೈಯರ್ ಒಂದನ್ನು ಹುಡುಕಿ ತಂದು, ಜೋಡಿ ಸ್ಪೀಕರ್ ಕೊಂಡು ಹಾಡು ಕೇಳುವ ಹವ್ಯಾಸದವರು. ಅವೆರಡನ್ನು ಕೂಡಿಸುವ ತಂತಿ ಎಂಥದ್ದಿರಬೇಕು? ಅಂಗಡಿಯಲ್ಲಿ ಮೀಟರಿಗೆ ಕೆಲವೇ ರೂಪಾಯಿಯ ತಂತಿಯೂ ಇದೆ, ಸಾವಿರಾರು ರೂಪಾಯಿಯ ತಂತಿಯೂ ಇದೆ. ಯಾವುದನ್ನು ಆರಿಸಬೇಕು? ಉತ್ತರ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ.

ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನು ನೀವು ಕಲಿತಿದ್ದೀರಿ. ತಂತಿಯ ರೋಧವು ಅದರ ಉದ್ದ ಹೆಚ್ಚಿದಂತೆ ಹೆಚ್ಚುತ್ತದೆ, ದಪ್ಪ ಹೆಚ್ಚಿದಂತೆ ಕಡಿಮೆಯಾಗುತ್ತದೆ ಎಂಬುದೂ ನಿಮಗೆ ಗೊತ್ತು. ಆಂಪ್ಲಿಫೈಯರಿನಿಂದ ಹೊರಟ ವಿದ್ಯುತ್ತು ತಂತಿಯ ರೋಧವನ್ನೂ ಸ್ಪೀಕರನ್ನೂ ಒಂದೇ ಸರಣಿಯಲ್ಲಿ ದಾಟಿ ಹಿಂತಿರುಗಬೇಕು. ತಂತಿಯ ರೋಧ ಹೆಚ್ಚಾದಷ್ಟೂ ಸ್ಪೀಕರಿನ ಪಾಲು ಕಡಿಮೆ.

ಸ್ಪೀಕರಿನ ಹಿಂದೆ 8 ಓಮ್, 6 ಓಮ್ ಅಥವಾ 4 ಓಮ್ ಎಂದು ಬರೆದಿರುತ್ತದೆ. ಇದು ಅದರ ಪ್ರತಿಬಾಧೆ. ಆದರೆ ಈ ಸಂಖ್ಯೆ ಹೆಸರಿಗೆ ಮಾತ್ರ ಸ್ಥಿರ. 8 ಓಮಿನ ಸ್ಪೀಕರು ಒಂದು ಸ್ವರಕ್ಕೆ 6 ಓಮ್ ಆಗಿ, ಇನ್ನೊಂದಕ್ಕೆ 30 ಓಮ್ ಆಗಿ ವರ್ತಿಸಬಹುದು. ತಂತಿಯ ರೋಧ ದೊಡ್ಡದಾಗಿದ್ದರೆ ಕೆಲವು ಸ್ವರಗಳು ಹೆಚ್ಚು ಕುಗ್ಗುತ್ತವೆ, ಕೆಲವು ಕಡಿಮೆ ಕುಗ್ಗುತ್ತವೆ. ಆಗ ದನಿಯ ಬಣ್ಣವೇ ಬದಲಾಗುತ್ತದೆ. ಆದ್ದರಿಂದ ಬಲ್ಲವರು ಒಂದು ಸರಳ ಮಿತಿಯನ್ನು ಇಟ್ಟುಕೊಂಡಿದ್ದಾರೆ: ಹೋಗಿ ಬರುವ ಎರಡೂ ತಂತಿಗಳ ಒಟ್ಟು ರೋಧ ಸ್ಪೀಕರಿನ ಪ್ರತಿಬಾಧೆಯ ಶೇಕಡಾ 5ನ್ನು ಮೀರಬಾರದು. 8 ಓಮಿಗೆ ಇದು 0.4 ಓಮ್, 4 ಓಮಿಗೆ 0.2 ಓಮ್. ಈ ಮಿತಿಯೊಳಗೆ ನಷ್ಟ ಅರ್ಧ ಡೆಸಿಬೆಲ್‌ಗಿಂತ ಕಡಿಮೆ.

ಈಗ ತಂತಿಗಳನ್ನು ನೋಡೋಣ. ಎಳೆಗಳುಳ್ಳ, ಬಾಗುವ ತಾಮ್ರದ ಜೋಡಿ ತಂತಿಯ ಪ್ರತಿ ಮೀಟರಿಗೆ, ಹೋಗಿ ಬರುವ ಎರಡೂ ಎಳೆ ಸೇರಿ, ರೋಧ ಸುಮಾರು ಹೀಗಿರುತ್ತದೆ: 0.75 ಚದರ ಮಿಲಿಮೀಟರ್ ತಂತಿಗೆ 0.052 ಓಮ್, 1 ಚದರ ಮಿಲಿಮೀಟರಿಗೆ 0.039, 1.5ಕ್ಕೆ 0.027, 2.5ಕ್ಕೆ 0.016 ಓಮ್. ಇಷ್ಟು ಅಂಕಿಗಳನ್ನು ಪುಸ್ತಕದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಉಳಿದದ್ದು ಗುಣಾಕಾರ.

ಮಣಿಪಾಲದ ಹಾಸ್ಟೆಲ್ ಕೋಣೆಯೊಂದನ್ನು ಎಣಿಸಿಕೊಳ್ಳಿ. ಮೇಜಿನಿಂದ ಸ್ಪೀಕರಿಗೆ 3 ಮೀಟರ್ ಸಾಕು. 0.75ರ ತಂತಿ ಹಾಕಿದರೆ ರೋಧ 0.16 ಓಮ್. 8 ಓಮಿನ ಸ್ಪೀಕರಿಗೆ ಇದು ಬರೀ ಶೇಕಡಾ 2. ಇದಕ್ಕಿಂತ ದಪ್ಪ ತಂತಿಗೆ ಹಣ ಸುರಿಯಬೇಕಾಗಿಲ್ಲ.

ಕಾರ್ಕಳದ ವಿಶಾಲವಾದ ಮನೆಯೊಂದರ ಹಾಲ್‌ನಲ್ಲಿ ಗೋಡೆಯ ಬದಿಯಿಂದ ತಂತಿ ಎಳೆದರೆ 8 ಮೀಟರ್ ಬೇಕಾಗಬಹುದು. 8 ಓಮಿನ ಸ್ಪೀಕರಿಗೆ 1 ಚದರ ಮಿಲಿಮೀಟರ್ ತಂತಿಯಲ್ಲಿ 0.31 ಓಮ್ ಆಯಿತು, ಮಿತಿಯೊಳಗಿದೆ. ಸ್ಪೀಕರು 4 ಓಮಿನದಾದರೆ ಲೆಕ್ಕ ಬೇರೆ. 1.5ರ ತಂತಿಯೂ 0.2ನ್ನು ತುಸು ದಾಟುತ್ತದೆ. ಅಲ್ಲಿ 2.5 ಒಳ್ಳೆಯದು.

ಉಡುಪಿಯ ಹಳೆಯ ಮನೆಯಲ್ಲಿ ಕೆಳಗಿನ ಚಾವಡಿಯಿಂದ ಉಪ್ಪರಿಗೆಗೆ 15 ಮೀಟರ್ ಒಯ್ಯಬೇಕೆನ್ನಿ. 8 ಓಮಿಗೆ 1.5ರ ತಂತಿ ಸರಿಯಾಗಿ ಮಿತಿಯ ಅಂಚಿಗೆ ಬರುತ್ತದೆ, 2.5ರ ತಂತಿಯಲ್ಲಿ 0.24 ಓಮ್ ಮಾತ್ರ. ನೋಡಿದಿರಾ? ಒಂದೇ ತಂತಿ ಒಂದು ಮನೆಗೆ ಸಾಕು, ಇನ್ನೊಂದಕ್ಕೆ ಸಾಲದು.

ಇನ್ನೂ ದೂರವಾದರೆ? ಆಟದ ಬಯಲಿನಲ್ಲೋ ಕೋಲದ ಅಂಗಳದಲ್ಲೋ ಮೈಕಿನವರು ತೆಳುವಾದ ತಂತಿಯಲ್ಲೇ ದೂರದ ಹಾರ್ನ್‌ಗಳನ್ನು ಮೊಳಗಿಸುವುದನ್ನು ನೀವು ಕಂಡಿದ್ದೀರಿ. ಅವರ ಗುಟ್ಟು 100 ವೋಲ್ಟಿನ ವ್ಯವಸ್ಥೆ. 8 ಓಮಿನ ಸ್ಪೀಕರಿಗೆ 100 ವಾಟ್ ನೇರವಾಗಿ ತಲುಪಿಸಲು ಸುಮಾರು 28 ವೋಲ್ಟ್, 3.5 ಆಂಪಿಯರ್ ಬೇಕು. 75 ಮೀಟರ್ ದೂರಕ್ಕೆ 1.5ರ ತಂತಿಯ ರೋಧ 2 ಓಮ್. ಅದರಲ್ಲಿ ಸುಮಾರು 25 ವಾಟ್ ಬಿಸಿಯಾಗಿ ಪೋಲಾಗುತ್ತದೆ. ಅದೇ ಶಕ್ತಿಯನ್ನು 100 ವೋಲ್ಟಿನಲ್ಲಿ ಕಳುಹಿಸಿದರೆ ವಿದ್ಯುತ್ ಪ್ರವಾಹ 1 ಆಂಪಿಯರ್, ನಷ್ಟ ಬರೀ 2 ವಾಟ್. ಹಾರ್ನಿನ ಬಳಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮತ್ತೆ ಇಳಿಸುತ್ತದೆ. ವಿದ್ಯುತ್ ಕೇಂದ್ರದಿಂದ ಊರಿಗೆ ಎತ್ತರದ ವೋಲ್ಟೇಜಿನಲ್ಲಿ ಕರೆಂಟು ಬರುವುದೂ ಇದೇ ತತ್ವದಿಂದ. ಮನೆಯ ಸ್ಟೀರಿಯೋಗೆ ಇದು ಬೇಡ. ಅಲ್ಲಿ ದೂರ ಕಡಿಮೆ, ತಂತಿ ತುಸು ದಪ್ಪಗಿದ್ದರೆ ಸಾಕು.

ಹಾಗಾದರೆ ದುಬಾರಿ ತಂತಿಯ ವಿಶೇಷವೇನು? 1970ರ ದಶಕದಲ್ಲಿ ಅಮೆರಿಕದವರೂ ಮೇಜಿನ ದೀಪಕ್ಕೆ ಹಾಕುವ ಸಾದಾ ತಂತಿಯನ್ನೇ ಸ್ಪೀಕರಿಗೂ ಬಳಸುತ್ತಿದ್ದರು. 1979ರಲ್ಲಿ ನೋಯೆಲ್ ಲೀ ಎಂಬವರು ಕ್ಯಾಲಿಫೋರ್ನಿಯಾದಲ್ಲಿ ಮಾನ್‌ಸ್ಟರ್ ಕೇಬಲ್ ಕಂಪನಿ ಆರಂಭಿಸಿದ ಮೇಲೆ ತಂತಿಯೇ ಒಂದು ದೊಡ್ಡ ವ್ಯಾಪಾರವಾಯಿತು. ದಪ್ಪ ತಂತಿ ಒಳ್ಳೆಯದೆಂಬ ಮಾತಿನಲ್ಲಿ ಸತ್ಯವಿದೆ. ಆದರೆ ಆಮ್ಲಜನಕರಹಿತ ತಾಮ್ರ ಎಂಬ ಹೆಸರಿಗೆ ಹೆದರಬೇಡಿ. ಸಾಮಾನ್ಯ ವಿದ್ಯುತ್ ದರ್ಜೆಯ ತಾಮ್ರಕ್ಕೂ ಅದಕ್ಕೂ ವಾಹಕತೆಯಲ್ಲಿ ಇರುವ ವ್ಯತ್ಯಾಸ ಶೇಕಡಾ 1ರ ಆಸುಪಾಸು. ತಂತಿಯನ್ನು ಕೆಲವು ಅಂಗುಲ ಗಿಡ್ಡ ಮಾಡಿದರೆ ಅಷ್ಟು ಲಾಭ ನಿಮಗೇ ಸಿಗುತ್ತದೆ.

ನಾವು ಸ್ಟುಡಿಯೋದಲ್ಲಿ ಮೈಕಿಗೆ ಜಾಲರಿ ಹೊದಿಸಿದ ತಂತಿ ಬಳಸುತ್ತೇವೆ. ಏಕೆಂದರೆ ಮೈಕಿನ ಸಂಕೇತ ಮಿಲಿವೋಲ್ಟ್‌ಗಳಷ್ಟು ಸೂಕ್ಷ್ಮ. ಹೊರಗಿನ ಗುಂಯ್‌ಗುಡುವ ಸದ್ದು ಅದರಲ್ಲಿ ಬೇಗ ಬೆರೆಯುತ್ತದೆ. ಸ್ಪೀಕರಿನ ತಂತಿಯಲ್ಲಿ ಹರಿಯುವುದು ವೋಲ್ಟ್‌ಗಟ್ಟಲೆ ಬಲವಾದ ಸಂಕೇತ. ಮನೆಯ ಮಟ್ಟಿಗೆ ಅದಕ್ಕೆ ಜಾಲರಿ ಬೇಡ.

ಅಂಗಡಿಗೆ ಹೋದಾಗ "ಸ್ಪೀಕರ್ ಕೇಬಲ್ ಕೊಡಿ" ಎಂದಷ್ಟೇ ಕೇಳಬೇಡಿ. "ಒಂದೂವರೆ ಸ್ಕ್ವೇರ್ ಎಂಎಂ, ತಾಮ್ರದ ಜೋಡಿ ತಂತಿ, ಇಷ್ಟು ಮೀಟರ್" ಎಂದು ಅಳತೆ ಹೇಳಿ ಕೇಳಿ. ಹಳೆಯ ಅಂಗಡಿಯವರು 23/76, 40/76 ಎಂಬ ಲೆಕ್ಕ ಹೇಳಿಯಾರು. ಅಂದರೆ ಒಂದು ಅಂಗುಲದ ಸಾವಿರದಲ್ಲಿ 7.6 ಭಾಗದಷ್ಟು ದಪ್ಪದ 23 ಅಥವಾ 40 ಎಳೆಗಳು. ಚದರ ಮಿಲಿಮೀಟರಿನಲ್ಲಿ ಅವು ಸುಮಾರು 0.67 ಮತ್ತು 1.17. ಮನೆಯ ವೈರಿಂಗಿಗೆ ಬಳಸುವ ಬಾಗುವ ತಂತಿಯಾದರೂ ಅಡ್ಡಿಯಿಲ್ಲ. ಅದರ ಮೇಲೆ ಐಎಸ್ 694 ಎಂಬ ಭಾರತೀಯ ಮಾನಕದ ಸಂಖ್ಯೆಯನ್ನೂ ಐಎಸ್‌ಐ ಗುರುತನ್ನೂ ನೋಡಿಕೊಳ್ಳಿ.

ಒಂದು ಮೋಸದ ಬಗ್ಗೆ ಎಚ್ಚರವಿರಲಿ. ಕೆಲವು ಅಗ್ಗದ ತಂತಿಗಳು ಮೇಲೆ ಮಾತ್ರ ತಾಮ್ರ, ಒಳಗೆ ಅಲ್ಯೂಮಿನಿಯಂ. ಅಂಥದ್ದರ ವಾಹಕತೆ ತಾಮ್ರದ ಸುಮಾರು ಮೂರನೇ ಎರಡು ಭಾಗ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಗೆ ಕಂಡರೆ ತವರ ಲೇಪಿಸಿದ ತಾಮ್ರ. ನಮ್ಮ ಕರಾವಳಿಯ ಹವೆಗೆ ಅದು ಚೆನ್ನಾಗಿ ಬಾಳುತ್ತದೆ. ಕೈಯಲ್ಲಿ ತೂಗಿದರೂ ಗೊತ್ತಾಗುತ್ತದೆ: ತಾಮ್ರ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಹೇಳಿ ಮಾರಿದರೆ ಅಲ್ಯೂಮಿನಿಯಂ ತಂತಿಯನ್ನೂ ಬಳಸಬಹುದು. ಆದರೆ ಒಂದು ಅಳತೆ ದಪ್ಪನೆಯದನ್ನು ಕೊಳ್ಳಿ.

ಜೋಡಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂಬುದನ್ನು ಮರೆಯಬೇಡಿ. ಒಂದು ಸ್ಪೀಕರಿನಲ್ಲಿ ಅದಲು ಬದಲಾದರೆ ಒಂದರ ಪೊರೆ ಮುಂದೆ ತಳ್ಳುವಾಗ ಇನ್ನೊಂದರದು ಹಿಂದೆ ಸರಿಯುತ್ತದೆ. ಮದ್ದಳೆಯ ಗುಂಪು ದನಿ ಕರಗಿಹೋಗುತ್ತದೆ. ಗುರುತು ಅಳಿಸಿದ್ದರೆ, ತಂತಿಯನ್ನು ಆಂಪ್ಲಿಫೈಯರಿನಿಂದ ಬಿಡಿಸಿ, 1.5 ವೋಲ್ಟಿನ ಬ್ಯಾಟರಿಯನ್ನು ಸ್ಪೀಕರಿಗೆ ಒಂದು ಕ್ಷಣ ಮುಟ್ಟಿಸಿ. ಪೊರೆ ಹೊರಗೆ ಬಂದರೆ ಬ್ಯಾಟರಿಯ ಧನ ತುದಿ ಮುಟ್ಟಿದ್ದು ಕೆಂಪು. ಜೋಡಣೆಯ ಮೊದಲು ಆಂಪ್ಲಿಫೈಯರ್ ಆರಿಸಿರಬೇಕು. ಎಳೆಗಳು ಒಂದಕ್ಕೊಂದು ತಾಗಬಾರದು. ಸ್ಪೀಕರಿನ ತಂತಿಗೆ ಎಂದೂ ಗೋಡೆಯ ಎರಡು ಪಿನ್ನಿನ ಪ್ಲಗ್ ಹಾಕಬೇಡಿ. ಮನೆಯ ಯಾರಾದರೂ ಅದನ್ನು ಸಾಕೆಟ್ಟಿಗೆ ಚುಚ್ಚಿದರೆ ಸ್ಪೀಕರು ಸುಡುವುದಷ್ಟೇ ಅಲ್ಲ, ಪ್ರಾಣಕ್ಕೂ ಅಪಾಯ.

ಕಡಲ ಬದಿಯ ಮಿತ್ರರಿಗೆ ಕೊನೆಯ ಮಾತು. ಪ್ರತಿ ಮಳೆಗಾಲ ಮುಗಿದ ಮೇಲೆ ತಂತಿಯ ತುದಿಗಳನ್ನು ಒಮ್ಮೆ ಬಿಚ್ಚಿ ನೋಡಿ. ಹಸಿರು ಅಥವಾ ಕಪ್ಪು ಕಂಡರೆ ಕತ್ತರಿಸಿ ಹೊಸದಾಗಿ ಸುಲಿದು ಬಿಗಿಮಾಡಿ. ಇದಕ್ಕಾಗಿಯೇ ಕೊಳ್ಳುವಾಗ ಪ್ರತಿ ಬದಿಗೂ ಅರ್ಧ ಮೀಟರ್ ಹೆಚ್ಚು ಕೊಂಡಿರಿ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಮನೆಯ ಸ್ಪೀಕರಿನ ಹಿಂದೆ ಬರೆದಿರುವ ಓಮ್ ಓದಿ, ತಂತಿಯ ದಾರಿಯನ್ನು ಟೇಪಿನಲ್ಲಿ ಅಳೆಯಿರಿ, ಮೇಲಿನ ಅಂಕಿಗಳಿಂದ ಗುಣಿಸಿ. ಮಿತಿಯೊಳಗಿದ್ದರೆ ಇರುವ ತಂತಿಯೇ ಸಾಕು. ಉಳಿದ ಹಣಕ್ಕೆ ಒಳ್ಳೆಯ ಸಂಗೀತ ಕೊಳ್ಳಿ. ನನ್ನ ತಂದೆಯವರು ಆ ಎಡಗಡೆಯ ಸ್ಪೀಕರಿನಲ್ಲಿ ಆಮೇಲೆ ಎಷ್ಟೋ ವರ್ಷ ತಾಳಮದ್ದಳೆ ಕೇಳಿದರು. ಜೋಡಿಯನ್ನು ಬದಲಾಯಿಸುವ ಪ್ರಸಂಗ ಬರಲೇ ಇಲ್ಲ.