ಕೇಡಗಾಂವದ ಮುಕ್ತಿಸದನ



ತಂದೆತಾಯಿಗಳಿಲ್ಲದ ಮಗುವಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂದು ನಮ್ಮ ನಾಡಿನಲ್ಲಿ ಯಾರಿಗೂ ಉಪದೇಶಿಸಬೇಕಾಗಿಲ್ಲ. ವಾರಾನ್ನದಿಂದ ಓದಿ ಮುಂದೆ ಬಂದ ಹಿರಿಯರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆ ವಾರಾನ್ನವು ಗಂಡುಹುಡುಗರಿಗೆ ಮೀಸಲಾಗಿತ್ತು. ಅನಾಥೆಯಾದ ಹೆಣ್ಣುಮಗಳೊಬ್ಬಳು ಹಾಗೆ ಮನೆಮನೆಗಳಲ್ಲಿ ಉಂಡು ವಿದ್ಯೆ ಕಲಿತಳೆಂಬುದನ್ನು ನಾನಂತೂ ಕೇಳಿಲ್ಲ. ಅಂಥ ಹೆಣ್ಣುಮಕ್ಕಳಿಗಾಗಿ ನಡೆದ ಒಂದು ಪ್ರಯತ್ನವನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಪಂಡಿತಾ ರಮಾಬಾಯಿಯವರು ಮಹಾರಾಷ್ಟ್ರದಲ್ಲಿ ಪ್ರಸಿದ್ಧರಾದರೂ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಲೋಕದ ನಿಂದೆಯನ್ನು ಲೆಕ್ಕಿಸದೆ ಪತ್ನಿಗೆ ಸಂಸ್ಕೃತವನ್ನು ಕಲಿಸಿದರು; ಆ ತಾಯಿ ಮಗಳಿಗೆ ಕಲಿಸಿದಳು. ಕುಟುಂಬವು ತೀರ್ಥಕ್ಷೇತ್ರಗಳನ್ನು ಸುತ್ತುತ್ತ, ಪುರಾಣ ಹೇಳುತ್ತ ಜೀವಿಸುತ್ತಿತ್ತು. ಮದ್ರಾಸು ಪ್ರಾಂತದಲ್ಲಿ ಕ್ಷಾಮ ತಲೆದೋರಿದಾಗ ಪುರಾಣ ಕೇಳುವವರೇ ಇಲ್ಲವಾದರು. 1874ರಲ್ಲಿ ತಂದೆ, ಸ್ವಲ್ಪ ಕಾಲದಲ್ಲೇ ತಾಯಿ, ಅನಂತರ ಅಕ್ಕ, ಹೀಗೆ ಒಬ್ಬೊಬ್ಬರಾಗಿ ತೀರಿಕೊಂಡರು. ಹದಿನಾರರ ರಮಾಬಾಯಿ ಅಣ್ಣನೊಡನೆ ಬರಿಗಾಲಿನಲ್ಲಿ ದೇಶ ಅಲೆದರು.

ಆ ದಿನಗಳನ್ನು ನೆನೆದು ಅವರು ಮುಂದೆ ಬರೆದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನೆಟ್ಟಿದೆ. ಹಸಿವಿನಿಂದ ಸಾಯುತ್ತಿದ್ದರೂ ಮೈಮುರಿದು ದುಡಿಯುವುದಕ್ಕೆ ಆ ಕುಟುಂಬಕ್ಕೆ ನಾಚಿಕೆ. ದುಡಿಯೋಣವೆಂದರೆ ಕೆಲಸವೂ ಬಾರದು. ನಾಲಗೆಯ ಮೇಲೆ ಭಾಗವತವಿತ್ತು, ಕೈಯಲ್ಲಿ ಕಸುಬಿರಲಿಲ್ಲ. ಮುಂದೆ ಅವರು ಮಾಡಿದ ಕಾರ್ಯದ ಬೇರು ಇಲ್ಲಿದೆಯೆಂದು ನನ್ನ ಅಭಿಪ್ರಾಯ.

ವಿಧವೆಯಾಗಿ, ವಿದೇಶಗಳನ್ನು ಕಂಡು, ಕ್ರೈಸ್ತಮತವನ್ನು ಸ್ವೀಕರಿಸಿ ಬಂದ ಅವರು 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. 1896-97ರಲ್ಲಿ ಮಧ್ಯಪ್ರಾಂತದಲ್ಲಿ ಘೋರ ಕ್ಷಾಮ ಬಂದಾಗ ತಾವೇ ಅಲ್ಲಿಗೆ ಹೊರಟರು. ಪರಿಹಾರದ ಶಿಬಿರಗಳಲ್ಲಿ ಕಂಡದ್ದು ಹಸಿವೊಂದೇ ಅಲ್ಲ. ದಿಕ್ಕಿಲ್ಲದ ಹುಡುಗಿಯರನ್ನು ದುಷ್ಟರು ಹೊಂಚುಹಾಕಿ ಒಯ್ಯುತ್ತಿದ್ದರು. ಸುಮಾರು ಮುನ್ನೂರು ಹುಡುಗಿಯರನ್ನು ಅವರು ಕರೆತಂದರು. ಪುಣೆಯಲ್ಲಿ ಪ್ಲೇಗು, ಅಷ್ಟು ಜನರನ್ನು ಊರೊಳಗೆ ಇಡುವಂತಿಲ್ಲ. ಸದನದ ವೆಚ್ಚಕ್ಕೆ ಆದಾಯವಾಗಲೆಂದು ಹಣ್ಣಿನ ತೋಟಕ್ಕಾಗಿ ಕೊಂಡಿದ್ದ ಕೇಡಗಾಂವದ ಭೂಮಿಯೇ ಆಶ್ರಯವಾಯಿತು. ಅದೇ ಮುಕ್ತಿಸದನ. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿಯ ಜನ ಎರಡು ಸಾವಿರಕ್ಕೆ ಸಮೀಪಿಸಿದರು.

ಎಲುಬುಗೂಡಾದ ಮಗುವನ್ನು ಸಾಕುವುದು ಸುಲಭವಲ್ಲ. ಬತ್ತಿದ ಹೊಟ್ಟೆಗೆ ಒಮ್ಮೆಲೇ ತುಂಬ ಉಣಿಸಿದರೆ ಪ್ರಾಣಕ್ಕೇ ಅಪಾಯ. ಹೊಸಬರ ಆರೈಕೆಗೆ ನೆರವಾದವರು ಶಾರದಾಸದನದಲ್ಲಿ ಬೆಳೆದ ಬಾಲವಿಧವೆಯರೇ. ಮನೆಗೆ ಅಪಶಕುನವೆನಿಸಿಕೊಂಡಿದ್ದ ಹುಡುಗಿ ಇಲ್ಲಿ ಇನ್ನೊಂದು ಮಗುವಿಗೆ ತಾಯಿಯಾದಳು. ಮೈ ತುಂಬಿದಮೇಲೆ ಓದು ಬರಹದ ಜತೆಗೆ ಪ್ರತಿಯೊಬ್ಬಳಿಗೂ ಕೆಲಸ: ನೇಯ್ಗೆ, ಹೊಲಿಗೆ, ಹೈನು, ಎಣ್ಣೆ ತೆಗೆಯುವುದು. ಕುರುಡಿಯರಿಗೂ ಓದು, ಬುಟ್ಟಿ ಹೆಣೆಯುವ ಕೆಲಸ ಇತ್ತು. ಅಲ್ಲಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರೂ ಹುಡುಗಿಯರೇ. ರಮಾಬಾಯಿಯವರ ಮರಾಠಿ ಬೈಬಲ್ ಅನುವಾದ ಅಚ್ಚಾದದ್ದು ಅವರ ಕೈಯಿಂದ.

ಬೈಬಲ್ಲಿನ ಮಾತು ಬಂದಮೇಲೆ ಒಂದು ಆಕ್ಷೇಪವನ್ನು ಮುಚ್ಚಿಡಬಾರದು. ಅನ್ನದ ಜತೆಗೆ ಮತವನ್ನೂ ಬಡಿಸಿದರೆಂದು ಅನೇಕರು ದೂರಿದರು. 1893ರಲ್ಲಿಯೇ ರಾನಡೆ, ಭಂಡಾರಕರರಂಥ ಹಿತೈಷಿಗಳು ಸದನದ ಸಲಹಾಮಂಡಲಿಯನ್ನು ಬಿಟ್ಟಿದ್ದರು. ತಿಲಕರ ಕೇಸರಿ ಕಟುವಾಗಿ ಬರೆಯಿತು. ದೂರು ನಿರಾಧಾರವಾಗಿರಲಿಲ್ಲ. ಆಶ್ರಯವಿಲ್ಲದ ಮಗುವಿಗೆ ತನ್ನನ್ನು ಸಾಕಿದವರ ಮಾತನ್ನು ನಿರಾಕರಿಸುವ ಸ್ವಾತಂತ್ರ್ಯವೆಲ್ಲಿ? ಉಪಕಾರ ಮಾಡುವವನ ಕೈಯಲ್ಲಿ ಎಂಥ ಅಧಿಕಾರವಿರುತ್ತದೆಂಬುದನ್ನು ಅವನೇ ಮರೆಯುವುದುಂಟು. ಆದರೆ ದೂರಿದವರಲ್ಲಿ ಎಷ್ಟು ಮಂದಿ ಆ ಕ್ಷಾಮದ ಶಿಬಿರಗಳಿಗೆ ಬಂಡಿ ಹೂಡಿಕೊಂಡು ಹೋದರೆಂದೂ ಕೇಳಬೇಕಾಗುತ್ತದೆ.

ಆ ದೂರಿಗೆ ಉಚಿತವಾದ ಉತ್ತರವನ್ನು ಕೊಟ್ಟವರು ಧೋಂಡೊ ಕೇಶವ ಕರ್ವೆಯವರು. ಶಾರದಾಸದನದ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರಾದ ಗೋದೂಬಾಯಿಯೆಂಬ ವಿಧವೆಯನ್ನು ಅವರು 1893ರಲ್ಲಿ ಮದುವೆಯಾಗಿ ಬಹಿಷ್ಕಾರಕ್ಕೊಳಗಾದರು. ಜಗಳವಾಡುತ್ತ ಕೂರದೆ 1896ರಲ್ಲಿ ಹಿಂದೂ ವಿಧವೆಯರಿಗಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆ ಪುಣೆಯ ಹತ್ತಿರದ ಹಿಂಗಣೆಯಲ್ಲಿ ಒಂದು ಗುಡಿಸಿಲಿನಲ್ಲಿ ನೆಲೆಯಾಯಿತು. ಅಲ್ಲಿಗೆ ಬಹುಕಾಲ ಊರಿನಿಂದ ನಾಲ್ಕಾರು ಮೈಲಿ ನಡೆದೇ ಹೋಗಿ ಬರುತ್ತಿದ್ದರು, ಕೆಲವೊಮ್ಮೆ ಸಾಮಾನಿನ ಗಂಟನ್ನು ತಾವೇ ಹೊತ್ತು.